ಬಾಗಿಲ ಹಿಂದಿನ ಕೊಡೆ

ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುವುದು ನನ್ನ ಚಟ. ಓದಿದ್ದು ಏಳನೆಯ ತರಗತಿ. ಕಾಸರಗೋಡಿನಿಂದ ಬಂದು ಮೂವತ್ತು ವರ್ಷ ಅಂಬಲಮುಗಳಿನ ಎಣ್ಣೆ ಕಾರ್ಖಾನೆಯಲ್ಲಿ ಪೈಪು ಜೋಡಿಸಿದ್ದೇನೆ. ಪೈಪು ಸುಮ್ಮನೆ ಒಡೆಯುವುದಿಲ್ಲ. ಅದಕ್ಕೂ ಮೊದಲು ಬೆಸುಗೆಯ ಹತ್ತಿರ ಸಣ್ಣಗೆ ಬೆವರುತ್ತದೆ. ಆ ಬೆವರು ಕಂಡವನು ಫಿಟ್ಟರು, ಕಾಣದವನು ಮೈ ಒದ್ದೆ ಮಾಡಿಕೊಳ್ಳುತ್ತಾನೆ. ತಿರುವನಂತಪುರದಲ್ಲಿ ಸಾಹಿತ್ಯದ ಎಂ.ಎ. ಓದುವ ಮಗಳು ವಿದ್ಯಾ, ಕಥೆಗಾರರೂ ಮುಂದಾಗುವುದರ ಸುಳಿವನ್ನು ಮೊದಲೇ ಬಿಟ್ಟಿರುತ್ತಾರೆ, ಅದಕ್ಕೆ ಮುನ್ಸೂಚನೆ ಅಂತ ಹೆಸರು ಎಂದಾಗ ನಗು ಬಂತು. ಇದಕ್ಕೆ ಎಂ.ಎ. ಬೇಕೇ? ಧಾರಾವಾಹಿಯಲ್ಲಿ ಅತ್ತೆ ಒಮ್ಮೆ ಕೆಮ್ಮಿದರೆ ಸಾಕು, ಅವಳ ಫೋಟೋಗೆ ಹಾರ ಬೀಳುವ ವಾರವನ್ನೂ ಹೇಳುತ್ತೇನೆ. ಮನೆಯಲ್ಲಿ ನನ್ನ ಜೊತೆ ಟಿವಿ ನೋಡುವವರು ಈಗ ಯಾರೂ ಇಲ್ಲ.

ಕಳೆದ ತಿಂಗಳು ಅವಳು ತನ್ನ ಮೊದಲ ಕಥೆಯನ್ನು ಕಾಲೇಜಿನಲ್ಲಿ ಓದುವುದಿತ್ತು. ಮೇಷ್ಟ್ರುಗಳಿಗೆ ಹಿಡಿಸಿದರೆ ಕಾಲೇಜಿನ ಪತ್ರಿಕೆಯಲ್ಲಿ ಅಚ್ಚು. ಕೇಳಲು ಹೋದ ನನ್ನನ್ನು ಬಾಗಿಲಲ್ಲೇ ತಡೆದಳು; ಅಪ್ಪನನ್ನು ಅವಳು ಮಲಯಾಳಿಗಳಂತೆ ಅಚ್ಛಾ ಎಂದೇ ಕರೆಯುವುದು.

"ಅಚ್ಛಾ, ಕೊನೆ ಹೇಳ್ಬಾರ್ದು. ಅಮ್ಮನ ಆಣೆ."

"ನಾನೆಂಥ ಸಣ್ಣ ಮಗುವಾ?" ಎಂದು ಒದ್ದೆ ಕೊಡೆಯನ್ನು ಕಿಟಕಿಯ ಸರಳಿಗೆ ನೇತುಹಾಕಿ ಮುಂದಿನ ಸಾಲಿನಲ್ಲಿ ಕೂತೆ.

ಕಥೆ ಮಲಯಾಳಂನಲ್ಲಿತ್ತು. ಮಗಳನ್ನು ನೋಡಲು ಬಂದ ಅಪ್ಪನೊಬ್ಬ ಬಾಗಿಲ ಹಿಂದೆ ಕೊಡೆ ಇಡುತ್ತಾನೆ. ಎರಡನೆಯ ಪುಟದಲ್ಲಿ ಮತ್ತೆ ಅದೇ ಕೊಡೆ. ಪೈಪು ಬೆವರಿತು. ಪಕ್ಕದ ಮೇಡಂ ಕಿವಿಯಲ್ಲಿ, "ಇವ ಕೊಡೆ ಮರೆತು ಹೋಗ್ತಾನೆ, ನೋಡಿ" ಎಂದು ಪಿಸುಗುಟ್ಟಿದೆ. ಕಂಪ್ರೆಸರ್ ಪಕ್ಕ ನಿಂತು ಮೂವತ್ತು ವರ್ಷ ಮಾತಾಡಿದ ಗಂಟಲಿಗೆ ಪಿಸುಮಾತು ಬರುವುದಿಲ್ಲವೆಂದು ಆಮೇಲೆ ನೆನಪಾಯಿತು. ಸಭೆಯೆಲ್ಲ ತಿರುಗಿ ನೋಡಿತು. ಮಗಳು ಕಣ್ಣಲ್ಲೇ ಗದರಿದಳು.

ಅವಳು ಸುಧಾರಿಸಿಕೊಂಡು ಮುಂದೆ ಓದಿದಳು. ಕಥೆಯ ಅಪ್ಪ ಕೊಡೆಯನ್ನು ನೆನಪಿಟ್ಟು ಹಿಡಿದುಕೊಂಡೇ ಬಸ್ಸು ಹತ್ತಿದ. ಮರೆತದ್ದು, ಮಗಳು ಹೇಗಿದ್ದಾಳೆಂದು ಕೇಳುವುದನ್ನು.

ಸಭೆಯೆಲ್ಲ ಚಪ್ಪಾಳೆ. ಕಥೆ ಪತ್ರಿಕೆಗೆ ಆಯ್ಕೆಯೂ ಆಯಿತು. ನನಗೆ ಮಾತ್ರ ಸಿಟ್ಟು. ರೈಲು ಹತ್ತುವವರೆಗೂ ಮಗಳ ಜೊತೆ ವಾದಿಸಿದೆ. "ಎರಡು ಸಲ ಕೊಡೆ ತೋರಿಸಿ ಮರೆಸದಿದ್ರೆ ಮೋಸ ಅಲ್ವಾ?"

"ನಿಮ್ಮಂಥವರಿಗೇ ಇಟ್ಟದ್ದು ಅದು," ಎಂದಳು.

ಮನೆಗೆ ಹತ್ತಿರದ ಸ್ಟೇಷನ್ನು ತ್ರಿಪ್ಪುಣಿತ್ತುರದಲ್ಲಿ ಇಳಿದರೆ ಜಡಿಮಳೆ. ಕೊಡೆಗೆ ಕೈಹಾಕಿದೆ, ಇರಲಿಲ್ಲ. ಮಗಳಿಗೆ ಫೋನು ಮಾಡಿದೆ.

"ಕಿಟಕಿಯಲ್ಲೇ ಉಂಟು, ಅಚ್ಛಾ."

"ನೋಡಿದ್ಯಾ? ಮರೀತಾನೆ ಅಂತ ನಾನು ಹೇಳಿರ್ಲಿಲ್ವಾ?" ಎಂದು ಗೆದ್ದವನಂತೆ ಫೋನಿಟ್ಟೆ.

ಮನೆಯ ಗೇಟು ಮುಟ್ಟುವಾಗ ಪೂರ್ತಿ ತೊಯ್ದಿದ್ದೆ. ಇನ್ನೊಂದನ್ನೂ ಮರೆತದ್ದು ಆಗ ಹೊಳೆಯಿತು. ಅಲ್ಲೇ ನಿಂತು ಮತ್ತೆ ಫೋನು ಮಾಡಿದೆ.

"ಹೇಗಿದ್ದೀ ಮಗಳೇ?"

ಆ ಕಡೆಯಿಂದ ಅವಳು ಹೇಳಿದಳು: "ಈಗ ಯಾಕೆ ಕೇಳಿದ್ದು ಅಚ್ಛಾ? ನನ್ನ ಕಥೆಯ ಕೊನೆ ಹಾಳು ಮಾಡಿದ್ರಲ್ಲ."