ಒಣಗೋ ಮೊದಲು ತೊಳಿ ಮಾರಾಯಾ!

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸ್ವೀಡನ್ನಿನ ಲಿಂಕೋಪಿಂಗಿನ ಫ್ಲಾಟೊಂದರಲ್ಲಿ ಬಾಲಕೃಷ್ಣನನ್ನು ಅಳಿಸಲಾಗದ ಹಾಗೆ ನಡೆಸಿದ ಮೂರ್ಖ ನಾನೇ. ಆದರೆ ಆ ಮೂರ್ಖತನಕ್ಕೆ ಸಾಮಗ್ರಿ ಒದಗಿಸಿದವರು ನನ್ನ ಸೋದರಮಾವ. ಮಹಾನ್ ಕಲಾವಿದರು! ಒಂದೇ ಕೊರತೆ, ಇದುವರೆಗೆ ಒಂದು ಚಿತ್ರವನ್ನೂ ಬರೆದಿಲ್ಲ.

ನಗಬೇಡಿ. ಬರೆಯಲು ಪುರುಸೊತ್ತಾದರೂ ಎಲ್ಲಿದೆ? ಹಗಲು ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ಸಂಜೆ, ಯಾವ ಪೆನ್ನಿಗೆ ಯಾವ ಅಕ್ರಿಲಿಕ್ ಇಂಕು ಎಂಬ ಸಂಶೋಧನೆ. ಅದ್ದಿ ಬರೆಯುವ ಪೆನ್ನಿಗೆ ಒಂದು, ಮಾರ್ಕರಿಗೆ ಇನ್ನೂ ತೆಳುವಾದದ್ದು, ಬ್ರಷ್ಷಿಗೆ ಮತ್ತೊಂದು. ಅದನ್ನು ಫೌಂಟನ್ ಪೆನ್ನಿಗೆ ಹಾಕುತ್ತೇನೆಂದು ಯಾರಾದರೂ ಅಂದರೆ, ಹಸುಳೆಗೆ ಸಿಮೆಂಟು ಕುಡಿಸುತ್ತೇನೆ ಅಂದ ಹಾಗೆ ಬೆಚ್ಚಿಬೀಳುತ್ತಾರೆ.

ಇದೆಲ್ಲ ನಡೆಯುವುದು ಚಿಕ್ಕ ಕೋಣೆಯಲ್ಲಿ. ಮನೆ ಕೊಂಡಾಗ ಅತ್ತೆ ಅದಕ್ಕೆ ಮಗುವಿನ ಕೋಣೆ ಎಂದು ಹೆಸರಿಟ್ಟು ಹಳದಿ ಬಣ್ಣ ಹೊಡೆಸಿದ್ದರಂತೆ. ವರ್ಷಗಳು ಹೋದವು, ಮಗು ಬರಲಿಲ್ಲ, ಇಂಕಿನ ಬಾಟಲಿಗಳು ಬಂದವು. ಒಂದು ಮೂಲೆಯಲ್ಲಿ ದೇವರ ಗೂಡು. ಮಿಕ್ಕಿದ್ದೆಲ್ಲ ಮಾವನ ಸಾಮ್ರಾಜ್ಯ. ಓದಲೆಂದು ಬಂದು ಅವರ ಮನೆಯಲ್ಲೇ ಬಿಟ್ಟಿ ಉಣ್ಣುತ್ತಿರುವ ನಾನು ಅದಕ್ಕೆ 'ಬಾಟಲಿಗಳ ದಾಗಿಸ್' ಎಂದು ಮರುನಾಮಕರಣ ಮಾಡಿದೆ. ದಾಗಿಸ್ ಅಂದರೆ ಇಲ್ಲಿ ಶಿಶುವಿಹಾರ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಹೋಗಿ ಪಾತ್ರೆ ತೊಳೆಯತೊಡಗಿದರು.

ಒಮ್ಮೆ ಅವರ ಜೊತೆ ಇಂಕು ಕೊಳ್ಳಲು ಹೋಗಿದ್ದೆ. "ಈ ನೀಲಿ ಬ್ರಷ್ಷಲ್ಲಿ ಹರಿಯುತ್ತದೆ ಸರಿ, ನಿಬ್ಬಲ್ಲಿ ಕಟ್ಟುತ್ತದಾ?" ಎಂದು ಅಂಗಡಿಯ ಹುಡುಗಿಯನ್ನು ಪಾಟೀಸವಾಲಿಗೆ ನಿಲ್ಲಿಸಿದರು. ನಮ್ಮ ಹಿಂದೆ ಸರದಿಯ ಚೀಟಿ ಹಿಡಿದು ನಿಂತ ಸ್ವೀಡಿಷರು ಬೈಯುವವರಲ್ಲ. ಉಸಿರನ್ನು ಒಳಗೆಳೆದುಕೊಳ್ಳುತ್ತಾರೆ, ಅಷ್ಟೆ. ಅಂಗಡಿಯ ಗಾಳಿಯೆಲ್ಲ ಖಾಲಿಯಾದ ಮೇಲೆ ಮಾವ "ಯೋಚಿಸಿ ಬರ್ತೇನೆ" ಎಂದು ಹೊರಟರು!

ಇಂಥವರನ್ನು ಅಣಕಿಸದೆ ಬಿಡುವುದುಂಟೇ? ಕನ್ನಡದವರೆಲ್ಲ ಸೇರಿದ್ದ ಊಟದಲ್ಲಿ ಮೂಗಿನ ತುದಿಗೆ ಕನ್ನಡಕ ಜಾರಿಸಿ, ಅವರದೇ ಧ್ವನಿಯಲ್ಲಿ ಶುರುಮಾಡಿದೆ: "ಬಾಟಲಿ ಅಲ್ಲಾಡಿಸು ಮಾರಾಯಾ! ಬಣ್ಣ ಅಡಿಯಲ್ಲಿ ಕೂತಿರ್ತದೆ. ಒಣಗೋ ಮೊದಲು ತೊಳಿ ಮಾರಾಯಾ! ಒಣಗಿದ್ರೆ ಪ್ಲಾಸ್ಟಿಕ್, ನೀರಿಗೆ ಜಗ್ಗುವುದಿಲ್ಲ!" ಜನ ಬಿದ್ದು ಬಿದ್ದು ನಕ್ಕರು. ಮಾವ ಮಾತ್ರ ಗಂಭೀರವಾಗಿ ತಿದ್ದಿದರು: "ಬಾಟಲಿ ಹಾಗೆ ಅಲ್ಲಾಡಿಸಬಾರ್ದು. ನೊರೆ ಬರ್ತದೆ."

ಅಣಕಿಸುವವನ ದೊಡ್ಡ ರೋಗ ಇದೇ: ಧ್ವನಿ ಕೇಳುತ್ತದೆ, ಮಾತು ಕೇಳುವುದಿಲ್ಲ.

ಕೃಷ್ಣಾಷ್ಟಮಿ ಬಂತು. ಅತ್ತೆ ಮಾವ ಇಬ್ಬರಿಗೂ ಆಫೀಸು. ಬೆಂಗಳೂರಿನವರಾದ ಅತ್ತೆ ಹೊರಡುವಾಗ, "ಅಕ್ಕಿಹಿಟ್ಟು ಕಲಸಿಟ್ಟಿದೀನಿ. ಬಾಗಿಲಿಂದ ದೇವರ ಗೂಡಿನ ತನಕ ಕೃಷ್ಣನ ಹೆಜ್ಜೆ ಹಾಕಿರೋ" ಎಂದರು. ಹಾಕಿ ನೋಡಿದೆ. ಇಲ್ಲಿನ ಬಿಳಿಚು ಮರದ ನೆಲದ ಮೇಲೆ ಅಕ್ಕಿಹಿಟ್ಟು ಕಾಣಬೇಕಲ್ಲ! ಕೃಷ್ಣ ಹೇಗೂ ನೀಲಿ ತಾನೆ? ದಾಗಿಸಿನಿಂದ ಒಂದು ನೀಲಿ ಕೂಸನ್ನು ಎತ್ತಿಕೊಂಡು ಬಂದೆ. ತಟ್ಟೆಗೆ ಸುರಿದು, ಮುಷ್ಟಿಯ ಪಕ್ಕ ಅದ್ದಿ ಒತ್ತಿದರೆ ಪಾದ, ಬೆರಳ ತುದಿಯಿಂದ ಐದು ಚುಕ್ಕಿ. ಎಂಥ ಮುದ್ದಾದ ಹೆಜ್ಜೆಗಳು! ಹೆಮ್ಮೆಯಿಂದ ಕೈ ತೊಳೆಯಲು ಹೋದಾಗ ಮುಷ್ಟಿಯ ನೀಲಿ ಬಿಡಲೊಲ್ಲದು. ಆಗ ಮಾವನ ಮಾತು ಕಟ್ಟಕಡೆಗೆ ಕಿವಿಗೆ ಬಿತ್ತು, ಅದೂ ನನ್ನದೇ ಧ್ವನಿಯಲ್ಲಿ.

ಅತ್ತೆ ಮಾವ ಒಟ್ಟಿಗೇ ಬಂದರು. ಒದ್ದೆ ಬಟ್ಟೆ ಹಿಡಿದು ನೆಲ ಉಜ್ಜುತ್ತಿದ್ದ ನನ್ನನ್ನು ನೋಡಿ ಮಾವ, "ನೀರಿಗೆ ಜಗ್ಗುವುದಿಲ್ಲ ಅಂತ ಊರಿಗೆಲ್ಲ ಸಾರಿದವ ನೀನೇ ಅಲ್ವಾ ಮಾರಾಯಾ?" ಎಂದರು. ಬೈಗುಳ ಅಷ್ಟೇ. ಸ್ಪಿರಿಟ್ ತಂದು ಮಂಡಿಯೂರಿದರು. ಬಾಗಿಲ ಬಳಿಯ ಮೊದಲ ಹೆಜ್ಜೆ ಕರಗಿತು. ಎರಡನೆಯದೂ ಕರಗಿತು. ವಿದ್ಯೆ ಅಂದರೆ ವಿದ್ಯೆ!

ಅತ್ತೆ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣು ಆ ಪುಟ್ಟ ನೀಲಿ ಪಾದಗಳ ಜೊತೆ ಹಜಾರ ದಾಟಿ ಹಳದಿ ಕೋಣೆಯೊಳಗೆ ಹೋಯಿತು. ಆಮೇಲೆ ಬಗ್ಗಿ, ಮಾವನ ಕೈಯಿಂದ ಬಟ್ಟೆ ತೆಗೆದುಕೊಂಡರು.

"ಏನು ಮಾರಾಯ್ತಿ, ಹೀಗೇ ಬಿಟ್ರೆ ಇದು ಕಡೇ ತನಕ ಹೋಗುವುದಿಲ್ಲ" ಎಂದರು ಮಾವ.

ಅತ್ತೆ ಹೇಳಿದ್ದು ಇಷ್ಟೇ: "ಒಳಗೆ ಬಂದಿರೋ ಹೆಜ್ಜೆ ರೀ ಅದು. ಹೊರಗೆ ಹೋಗಿದ್ರೆ ನಾನೇ ಒರೆಸಿ ಅಂತಿದ್ದೆ."