ಮೂರು ಅರ್ಥದ ಹಲಗೆ

ನಾನು ಹೊಡೆದ ಹಲಗೆ ಕದಲುವುದಿಲ್ಲ! ಈ ಮಾತನ್ನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ. ಅನುಮಾನವಿದ್ದವರು ಬಂದು ಅಲ್ಲಾಡಿಸಿ ನೋಡಬಹುದು.

ನನ್ನವಳು ದರ್ಜಿ. ಹೊಲಿಗೆ ಕೋಣೆಯಲ್ಲಿ ಬಟ್ಟೆ ಇಡಲು ಒಂದು ಹಲಗೆ ಬೇಕು, ಎದುರು ಮನೆಯ ಬಡಗಿಯನ್ನು ಕರೆಯುತ್ತೇನೆ ಎಂದಳು. ಒಂದು ಹಲಗೆಗೆ ಬಡಗಿಯೇ? ನಾನು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಸವೆದವನು. ಆ ವಾರವಿಡೀ 'ಸ್ಟೆಡಿ' ಎಂಬ ಒಂದೇ ಪದದೊಡನೆ ಕುಸ್ತಿ ಮಾಡಿ, ಅದಕ್ಕೆ ಮೂರು ಅರ್ಥ ಬರೆದು ಬಂದಿದ್ದೆ. ಪದವನ್ನೇ ಮಣಿಸಿದವನಿಗೆ ಹಲಗೆ ಯಾವ ಲೆಕ್ಕ!

ಧೂಳು ಮನೆಗೆಲ್ಲ ಹರಡದಿರಲೆಂದು ಕೋಣೆಯ ಬಾಗಿಲು ಮುಚ್ಚಿ ಸ್ಟೂಲು ಹತ್ತಿದೆ. ಅವಳು ಮೂಲೆಯಲ್ಲಿ ಕೂತು ಗಿರಾಕಿ ಹುಡುಗಿಯೊಬ್ಬಳ ಕೋಟಿಗೆ ತೋಳು ಹಚ್ಚುತ್ತಿದ್ದಳು. ಆ ಹುಡುಗಿಗೆ ಅಂದೇ ಹನ್ನೊಂದಕ್ಕೆ ಕೆಲಸದ ಸಂದರ್ಶನ. ಹತ್ತಕ್ಕೆ ಬಂದು ತೊಟ್ಟು ನೋಡುವವಳಿದ್ದಳು.

ಮೊದಲ ಅರ್ಥ, ಅಲುಗಾಡದ್ದು. ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಸ್ಕ್ರೂ ಬಿಗಿದೆ. ಗಟ್ಟಿಯಾಯಿತು, ಇನ್ನು ಇಳಿಯಿರಿ ಎಂದಳು. ಗಟ್ಟಿ ಬೇರೆ, ಸ್ಟೆಡಿ ಬೇರೆ ಎಂದು ತಿಳಿಹೇಳಿದೆ. ಎರಡನೆಯ ಅರ್ಥ, ನೆಚ್ಚಬಹುದಾದದ್ದು. ಇನ್ನೆಂಟು ಸ್ಕ್ರೂ, ಎರಡು ಕಬ್ಬಿಣದ ಪಟ್ಟಿ. ಮೂರನೆಯದು, ಎಂದೆಂದಿಗೂ ಬದಲಾಗದ್ದು. ಇದಕ್ಕೆ ಸ್ಕ್ರೂ ಎಲ್ಲಿ ಸಾಕಾದೀತು? ಒಂದು ಡಬ್ಬಿ ಅಂಟನ್ನು ಸಂದುಗೊಂದಿಗೆಲ್ಲ ಸುರಿದೆ. ಅದು ಒಣಗಿದ ಮೇಲೆ ಹಲಗೆ ಹಿಡಿದು ಜೋತಾಡಿದೆ. ನನ್ನ ತೂಕವನ್ನು ನಾನು ಯಾರಿಗೂ ಹೇಳುವುದಿಲ್ಲ. ಹಲಗೆಯೂ ತುಟಿಪಿಟಕ್ಕೆನ್ನಲಿಲ್ಲ.

ಹತ್ತಕ್ಕೆ ಹುಡುಗಿ ಬಂದು ಬಾಗಿಲು ತಟ್ಟಿದಳು. ಎಳೆದೆ. ಒಂದು ಗೇಣು ತೆರೆದ ಬಾಗಿಲು ಹಲಗೆಗೆ ಟಪ್ಪೆಂದು ಬಡಿದು ನಿಂತಿತು. ಅದು ಒಳಕ್ಕೆ ತೆರೆಯುವ ಬಾಗಿಲು ಎಂಬ ಸಂಗತಿ ಮೂರು ಅರ್ಥಗಳಲ್ಲಿ ಒಂದರಲ್ಲೂ ಇರಲಿಲ್ಲ.

"ಏನ್ರೀ ಇದು?"

"ಬಾಗಿಲು ಸರಿಯಿಲ್ಲ."

"ಬೆಳಿಗ್ಗೆವರೆಗೂ ಸರಿಯಾಗೇ ಇತ್ತಲ್ಲ?"

"ಅಲ್ಲಾಡೋ ವಸ್ತುವನ್ನ ನಂಬಲೇಬಾರದು ಕಣೇ."

ಹಲಗೆ ಬಿಚ್ಚಿ ಎಂದಳು. ಎಂದೆಂದಿಗೂ ಬದಲಾಗದ್ದನ್ನು ಹತ್ತು ನಿಮಿಷಕ್ಕೇ ಬದಲಿಸಿದರೆ ನಿಘಂಟಿನ ಮರ್ಯಾದೆ ಏನಾಗಬೇಕು? ಆಗುವುದಿಲ್ಲ ಎಂದೆ. ಅವಳು ಅತ್ತ ತಿರುಗಿದಾಗ ಒಂದು ಸ್ಕ್ರೂ ತಿರುಗಿಸಿಯೂ ನೋಡಿದೆ ಅನ್ನಿ. ಅಂಟು ಬಿಡಲಿಲ್ಲ.

ಆಚೆ ಹುಡುಗಿಯ ದನಿ ಅಳುವಿಗೆ ಬಂದಿತ್ತು. ನನ್ನವಳು ಅವಳ ಒಂದೊಂದೇ ಕೈಯನ್ನು ಸಂದಿಯಿಂದ ಒಳಗೆ ಹಾಕಿಸಿ ತೋಳಿನ ಅಳತೆ ಸರಿಮಾಡಿದಳು. ಬೆನ್ನನ್ನು ಸಂದಿಯಲ್ಲಿ ತೂರಿಸುವುದು ಹೇಗೆ? ಬೆನ್ನಿನ ಅಳತೆ ಹಿಡಿಯದೆ ಕೋಟು ಮುಗಿಯದು. ಹತ್ತೂಕಾಲು.

ಹುಡುಗಿ ಓಡಿಹೋಗಿ ಬಡಗಿಯನ್ನು ಕರೆತಂದಳು. ಅವನು ಸಂದಿಯಿಂದ ಕೈಹಾಕಿ ಹಲಗೆಯನ್ನು ಎಳೆದ, ಗುದ್ದಿದ, ನೇತಾಡಿದ. "ಯಾರು ಸಾರ್ ಹೊಡೆದಿದ್ದು? ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ!"

ನಾನೇ ಎಂದೆ. ಎದೆ ಎರಡಿಂಚು ಉಬ್ಬಿತು.

ಹಲಗೆ ತೆಗೆಯಬೇಕಾದರೆ ತಾನು ಒಳಗೆ ಬರಬೇಕು, ಒಳಗೆ ಬರಬೇಕಾದರೆ ಹಲಗೆ ತೆಗೆಯಬೇಕು ಎಂದು ಬಡಗಿ ತಲೆ ಕೆರೆದುಕೊಂಡ. ಬಾಗಿಲನ್ನೇ ಕೊಯ್ಯಿ ಎಂದು ಅಪ್ಪಣೆ ಕೊಟ್ಟೆ. ಸೋಲುವುದಾದರೆ ಬಾಗಿಲು ಸೋಲಲಿ! ಅವನು ಗರಗಸ ತಂದು, ಕೆಳಗಡೆ ಎಷ್ಟು ಅಗಲಕ್ಕೆ ಕಿಂಡಿ ಮಾಡಲಿ ಎಂದು ಕೇಳಿದ. ನಾನು ತೂರಲು ಇಪ್ಪತ್ತೆಂಟು ಇಂಚು ಬೇಕು ಎನ್ನಲು ಬಾಯಿ ತೆರೆದೆ.

ನನ್ನವಳು ಆಗಲೇ ಅಳತೆ ಟೇಪನ್ನು ತನ್ನ ಸೊಂಟದ ಮುಂದೆ ಅಡ್ಡ ಹಿಡಿದಿದ್ದಳು.

"ಹದಿನಾರಿಂಚು ಸಾಕಪ್ಪ. ಟೈಮಿಲ್ಲ, ಕೋಟು ಹಿಡ್ಕೊಂಡು ನಾನು ಹೊರಗೆ ಬಂದ್ರೆ ಆಯ್ತು. ಇವರು ಒಳಗೇ ಸ್ಟೆಡಿಯಾಗಿರಲಿ."