ಮೇನೇಜರ್ ಕುರ್ಚಿಗೆ ಮನಶ್ಶಾಂತಿಯ ಪೈಪೋಟಿ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕು ತಾಲ್ಲೂಕಿನಲ್ಲಿ ಕಣ್ಣು ಮುಚ್ಚಿಕೊಂಡು ರೇಷ್ಮೆ ಗೂಡು ಮುಟ್ಟಿ, ಅದು ಯಾವ ಊರಿನದು, ಹುಳ ಸಾಕಿದಾಕೆ ಆ ವಾರ ಗಂಡನ ಜೊತೆ ಜಗಳ ಆಡಿದ್ದಳೋ ಇಲ್ಲವೋ ಅಂತ ಹೇಳುತ್ತಿದ್ದವನು ನಾನೊಬ್ಬನೇ. ಇದಕ್ಕೆ ಇಬ್ಬರು ಸಾಕ್ಷಿ ಇದ್ದರು. ಒಬ್ಬರು ತೀರಿಕೊಂಡರು. ಇನ್ನೊಬ್ಬರು ನನಗಿಂತ ದೊಡ್ಡ ಸುಳ್ಳುಗಾರರು ಅಂತ ಹೆಸರಾದವರು, ಅವರನ್ನು ಕೇಳಿ ಪ್ರಯೋಜನವಿಲ್ಲ. ಹಾಗಾಗಿ ನೀವು ನನ್ನನ್ನೇ ನಂಬಬೇಕು.

ನಾನು ಶಾಲೆ ಕಂಡವನಲ್ಲ. ನಾನು ಹೇಳುತ್ತೀನಿ, ಸೊಸೆ ಬರೆದುಕೊಳ್ಳುತ್ತಾಳೆ.

ನಾನು ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಯೋ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದೆ. ತೊಂಬತ್ತನೇ ಇಸವಿ ಆಸುಪಾಸಿನಲ್ಲಿ ಇದ್ದಕ್ಕಿದ್ದ ಹಾಗೆ ವ್ಯಾಪಾರಸ್ಥರಿಗೆಲ್ಲ ಮನಶ್ಶಾಂತಿ ಬೇಕಾಯಿತು. ಅಲ್ಲಿವರೆಗೆ ಬೇಡವಾಗಿದ್ದದ್ದು ಆಗ ಯಾಕೆ ಬೇಕಾಯಿತು ಅನ್ನೋದು ನನಗೆ ಇವತ್ತಿಗೂ ಕುತೂಹಲ. ದೇವರ ಪಟ ಗೋಡೆ ಮೇಲಿದ್ದು, ವ್ಯಾಪಾರ ಅದರ ಕೆಳಗೆ ನಡೆಯುತ್ತಿದ್ದಷ್ಟು ದಿನ ಎಲ್ಲ ಸರಿಯಾಗೇ ಇತ್ತು. ದೇವರು ಪಟದಿಂದ ಇಳಿದು ವ್ಯಾಪಾರದ ಒಳಕ್ಕೇ ಬಂದ ನೋಡಿ, ಆಮೇಲೆ ದಿನಕ್ಕೊಂದು ನಡೆಯೋಕೆ ಶುರುವಾಯಿತು.

ಬೈಗುಳ ನಿಂತ ಸೋಮವಾರ

ನಮ್ಮ ಸಾಹುಕಾರರ ಬಾಯಿ ದೊಡ್ಡದು. ಅವರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರಿಗಾದರೂ ಬೈದರೆ ಕಾರ್ಖಾನೆಯಲ್ಲಿ ನಾವು ಎದ್ದು ನಿಲ್ಲುತ್ತಿದ್ದೆವು. ಅಂಥವರು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ 'ವ್ಯಾಪಾರದಲ್ಲಿ ಮೌಲ್ಯಗಳು' ಅಂತ ಒಂದು ಶಿಬಿರಕ್ಕೆ ಹೋದರು. ಸೋಮವಾರ ವಾಪಸು ಬಂದವರು ಬಾಗಿಲಲ್ಲೇ ನಿಂತು ನನಗೆ ಕೈ ಮುಗಿದು, "ನಮಸ್ಕಾರ ಮೇಸ್ತ್ರಿಗಳೇ, ನಿಮ್ಮ ಮನಸ್ಸು ಹೇಗಿದೆ?" ಅಂದರು.

ನನ್ನ ಮನಸ್ಸು ಹೇಗಿದೆ ಅಂತ ಅದುವರೆಗೆ ನನ್ನ ಹೆಂಡತಿ ಕೂಡ ಕೇಳಿರಲಿಲ್ಲ. ನಾನು ಗಾಬರಿಯಾಗಿ ಹಿಂದಕ್ಕೆ ನೋಡಿದೆ. ಬಾಣಲೆಯಲ್ಲಿ ಗೂಡು ಬೇಯಿಸಿ ಎಳೆ ಹುಡುಕುತ್ತಿದ್ದ ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ನಮ್ಮಲ್ಲಿ ಎಲ್ಲರಿಗಿಂತ ಹಳಬಳು, ಮೆಲ್ಲಗೆ ಕೇಳಿದಳು. "ಕ್ಯಾ ಮೇಸ್ತ್ರಿ, ಕಾರ್ಖಾನೆ ಮಾರಿಬಿಟ್ರಾ?"

ಮಾರಿರಲಿಲ್ಲ. ಸಾಹುಕಾರರು ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದರು. ಕಾರ್ಖಾನೆಗೆ ಒಬ್ಬ ಮೇನೇಜರ್ ಬೇಕು. ಅನುಭವ ನೋಡಲ್ಲ, ಓದು ನೋಡಲ್ಲ. ಯಾರ ಒಳಗೆ ಹೆಚ್ಚು ಶಾಂತಿ ಇದೆಯೋ ಅವರೇ ಮೇನೇಜರ್. ಬೆಂಗಳೂರಿನಿಂದ ಮೇಷ್ಟ್ರು ಬಂದು ಪಾಠ ಮಾಡ್ತಾರೆ, ಅವರೇ ಆರಿಸ್ತಾರೆ.

ಮೇನೇಜರ್ ಅಂದರೆ ಕುರ್ಚಿ. ಕುರ್ಚಿ ಅಂದರೆ ಫ್ಯಾನಿನ ಕೆಳಗಿನ ಜಾಗ. ವರ್ಷಗಟ್ಟಲೆ ಹಬೆಯಲ್ಲಿ ನಿಂತು ಬೆಂದವನಿಗೆ ಆ ಫ್ಯಾನು ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ಆ ಕುರ್ಚಿ ನನಗೇ ಬರಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ. ಪಕ್ಕಕ್ಕೆ ನೋಡಿದರೆ ನಮ್ಮ ಗುಮಾಸ್ತನೂ ತೀರ್ಮಾನ ಮಾಡುತ್ತಿದ್ದ.

ಮಾರನೇ ದಿನ ಗುಮಾಸ್ತ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಅದರ ಮಾರನೇ ದಿನ ನಾನು ಹಣೆ, ತೋಳು, ಎದೆ ಮೂರಕ್ಕೂ ಹಚ್ಚಿಕೊಂಡು ಬಂದೆ. ಅವನು ಕಿವಿಗೂ ಹಚ್ಚಿದ. ಶುಕ್ರವಾರ ನಮ್ಮಿಬ್ಬರನ್ನೂ ನೋಡಿ ಖಾಲಾ ಅಂದಳು, "ಹಬ್ಬಕ್ಕೆ ಗೋಡೆಗೆ ಅಲ್ವಾ ಸುಣ್ಣ ಹೊಡೆಯೋದು?"

ಉಸಿರು ಎಳೆದುಕೊಳ್ಳಿ

ಮೇಷ್ಟ್ರು ಬಂದರು. ಬಿಳಿ ಜುಬ್ಬ, ಬಂಗಾರದ ಬಣ್ಣದ ಕೈಗಡಿಯಾರ, ಜೇನು ಸುರಿದಂಥ ದನಿ. ನಾವು ಅವರಿಗೆ ಶಾಂತಿ ಮೇಷ್ಟ್ರು ಅಂತ ಹೆಸರಿಟ್ಟೆವು. ಕೆಲಸ ಮಾಡೋ ಜಾಗದಲ್ಲೇ ಧ್ಯಾನ ಮಾಡಬೇಕು ಅನ್ನೋದು ಅವರ ಪದ್ಧತಿ. ಬಾಣಲೆಗಳ ನಡುವೆ ಚಾಪೆ ಹಾಕಿಸಿದರು.

ಕಣ್ಣು ಮುಚ್ಚಿದ ಮೇಲೆ ಇವರಿಗೆಲ್ಲ ಏನು ಕಾಣುತ್ತೆ ಅಂತ ನನಗೆ ಬಹಳ ದಿನದಿಂದ ಕುತೂಹಲ. ಮುಚ್ಚಿದೆ. ಕತ್ತಲೆ ಕಾಣಿಸಿತು. ಪಕ್ಕದವರಿಗೆ ಬೇರೆ ಏನಾದರೂ ಕಾಣಿಸುತ್ತಿದೆಯೋ ಅಂತ ಒಂದು ಕಣ್ಣು ತೆಗೆದು ನೋಡಿದೆ. ಗುಮಾಸ್ತ ಒಂದು ಕಣ್ಣು ತೆಗೆದುಕೊಂಡು ನನ್ನನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಮುಚ್ಚಿದೆವು.

ಮೇಷ್ಟ್ರು ಅಂದರು, "ಈಗ ಹೊಟ್ಟೆ ತುಂಬ ಉಸಿರು ಎಳೆದುಕೊಳ್ಳಿ."

ಗೂಡಿನೊಳಗೆ ಬೆಂದ ಹುಳದ ವಾಸನೆ ಹೇಗಿರುತ್ತೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನ ಬಸ್ಸಿನವರು ಶಿಡ್ಲಘಟ್ಟ ಬಂತು ಅಂತ ಮೂಗಿನಿಂದಲೇ ತಿಳಿದುಕೊಳ್ಳುತ್ತಾರೆ. ನಮಗೆ ಅಭ್ಯಾಸ, ಎಳೆದುಕೊಂಡೆವು. ಮೇಷ್ಟ್ರೂ ಎಳೆದುಕೊಂಡರು. ಆಮೇಲೆ ಎದ್ದರು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗಿನ ಚರಂಡಿ ಕಡೆ ಓಡಿದರು.

ಸಾಹುಕಾರರು ಶಿಬಿರಕ್ಕೆ ಹೋಗಿ ಬಂದವರು, ಇದೂ ಪಾಠವೋ ಅಲ್ಲವೋ ಅವರಿಗೆ ಗೊತ್ತಿರುತ್ತೆ ಅಂತ ನಾವೆಲ್ಲ ಅವರ ಮುಖ ನೋಡಿದೆವು. ಅವರು, "ಹೂಂ, ಏಳಿ ಏಳಿ" ಅಂದರು. ನಾವೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಚರಂಡಿವರೆಗೆ ಓಡಿ, ಮೇಷ್ಟ್ರ ಪಕ್ಕದಲ್ಲಿ ಸಾಲಾಗಿ ಬಗ್ಗಿ ನಿಂತೆವು. ಎಲ್ಲರಿಗಿಂತ ಮುಂಚೆ ತಲುಪಿದವನು ನಾನು.

ಸತ್ಯದ ವಾರ

ಮುಂದಿನ ಪಾಠ ಸತ್ಯ. ಒಂದು ವಾರ ಯಾರೂ ಸುಳ್ಳು ಹೇಳಬಾರದು. ವ್ಯಾಪಾರದಲ್ಲಿ ಕೂಡ.

ಅದೇ ವಾರ ಗೌರಿಬಿದನೂರಿನಿಂದ ನೂಲು ಕೊಳ್ಳೋ ಶೆಟ್ಟರು ಬಂದರು. ಶೆಟ್ಟರಿಗೆ ಅರ್ಧ ಕನ್ನಡ, ಅರ್ಧ ತೆಲುಗು. ಎದುರಿಗೆ ಸಾಹುಕಾರರು ಕಣ್ಣು ಮುಚ್ಚಿ ಕೂತಿದ್ದಾರೆ, ಆದರೆ ಕಿವಿ ಇಲ್ಲೇ ಇದೆ.

"ಏಮಯ್ಯಾ, ನೂಲು ಹೆಂಗೈತೆ?" ಅಂದರು ಶೆಟ್ಟರು.

ಗುಮಾಸ್ತ ಗಂಟಲು ಸರಿ ಮಾಡಿಕೊಂಡ. "ನಿಜ ಹೇಳ್ಬೇಕು ಅಂದ್ರೆ ಶೆಟ್ರೇ, ಮಧ್ಯೆ ಮಧ್ಯೆ ಸ್ವಲ್ಪ ಗಂಟಿದೆ."

ಸಾಹುಕಾರರ ಮುಖದಲ್ಲಿ ಸಂತೋಷ ಕಾಣಿಸಿತು. ನಾನು ಬಿಡ್ತೀನಾ? "ಸ್ವಲ್ಪ ಅಲ್ಲ ಶೆಟ್ರೇ, ಬೇಕಾದಷ್ಟಿದೆ."

"ಬಣ್ಣಾನೂ ಒಂದೇ ಸಮ ಇಲ್ಲ" ಅಂದ ಗುಮಾಸ್ತ.

"ಗೂಡೇ ಸರಿ ಇರಲಿಲ್ಲ. ಮಳೆಗೆ ನೆಂದಿದ್ದು."

"ಹುಳಕ್ಕೆ ರೋಗ ಬಂದಿತ್ತು."

"ಈ ನೂಲಲ್ಲಿ ಸೀರೆ ನೇಯ್ದರೆ ಮದುಮಗಳು ಹಸೆಮಣೆ ಮೇಲೆ ಅಳ್ತಾಳೆ ಶೆಟ್ರೇ" ಅಂದುಬಿಟ್ಟೆ. ಗುಮಾಸ್ತನಿಗೆ ಅದಕ್ಕಿಂತ ದೊಡ್ಡ ಸತ್ಯ ಸಿಗಲಿಲ್ಲ.

ಶೆಟ್ಟರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಕಣ್ಣು ಮುಚ್ಚಿದ ಸಾಹುಕಾರರನ್ನು ನೋಡಿದರು. ಆಮೇಲೆ ಒಂದು ಮಾತೂ ಚೌಕಾಸಿ ಮಾಡದೆ ಇದ್ದ ನೂಲನ್ನೆಲ್ಲ ಕೊಂಡುಕೊಂಡರು!

"ನೋಡಿದ್ರಾ ಸತ್ಯದ ಶಕ್ತಿ!" ಅಂತ ಸಾಹುಕಾರರು ಕಣ್ಣು ಒರೆಸಿಕೊಂಡರು.

ಗಾಡಿಗೆ ಏರಿಸುವಾಗ ಶೆಟ್ಟರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಇಷ್ಟು ವರ್ಷ ವ್ಯಾಪಾರ ಮಾಡಿದೀನಿ, ನನ್ನ ಹತ್ರಾನೇ ಈ ಆಟನಾ? ಒಳ್ಳೆ ನೂಲನ್ನ ಯಾರಿಗೆ ಎತ್ತಿಡೋಕೆ ಇಬ್ಬರೂ ಸೇರಿ ಹಂಗೆ ಬಾಯಿಗೆ ಬಂದಂಗೆ ಸುಳ್ಳು ಹೇಳಿದ್ರಿ, ಅದನ್ನ ಹೇಳು."

ಖಾಲಾ ಕೇಳಿಕೊಂಡಿದ್ದು

ಇದೆಲ್ಲ ನಡೀತಿರುವಾಗ ಖಾಲಾ ಒಂದು ದಿನ ರಜ ಹಾಕಿ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬಂದಳು. ಬಂದವಳು ಎಲ್ಲರಿಗೂ ಸಕ್ಕರೆ ಹಂಚಿದಳು. ಮಗಳಿಗೆ ಗಂಡು ಗೊತ್ತಾಯಿತೇನೋ ಅಂದುಕೊಂಡೆ.

"ಏನು ಕೇಳ್ಕೊಂಡೆ ಖಾಲಾ?"

"ನಿಮ್ಮ ಸಾಹುಕಾರ್ ಮತ್ತೆ ಬೈಯೋ ಹಂಗಾಗ್ಲಿ ಅಂತ ಕೇಳ್ಕೊಂಡೆ."

"ಅಯ್ಯೋ, ಯಾಕೆ? ಈಗ ಎಷ್ಟು ಚೆನ್ನಾಗಿ ಮಾತಾಡಿಸ್ತಾರೆ."

"ಅದೇ ಮೇಸ್ತ್ರಿ. ಮುಂಚೆ ಎಳೆ ಹರಿದರೆ ಬೈತಿದ್ರು, ಎಳೆ ಹರೀತು ಅಂತ ಗೊತ್ತಾಗ್ತಿತ್ತು. ನಿನ್ನೆ ಎಳೆ ಹರೀತು, ಬಂದು ತಲೆ ಮೇಲೆ ಕೈ ಇಟ್ಟು ನಕ್ಕರು. ನನಗೇನೋ ದೊಡ್ಡ ಕಾಯಿಲೆ ಇದೆ, ಎಲ್ರಿಗೂ ಗೊತ್ತಿದೆ, ನನಗೊಬ್ಬಳಿಗೇ ಹೇಳ್ತಿಲ್ಲ ಅಂದ್ಕೊಂಡು ರಾತ್ರಿಯೆಲ್ಲ ನಿದ್ದೆ ಬಂದಿಲ್ಲ."

ಗೂಡಿನ ಕೋಣೆ

ಕಡೆಗೆ ಅಹಿಂಸೆ ಬಂತು. ಅವತ್ತು ಮೇಷ್ಟ್ರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೊದಲ ಸಲ ಬಾಣಲೆಯೊಳಗೆ ಬಗ್ಗಿ ನೋಡಿದರು. "ಇದರಲ್ಲಿ ತೇಲ್ತಿರೋದು ಏನು?"

"ಹುಳ ಸ್ವಾಮಿ" ಅಂದೆ. "ಗೂಡಿನೊಳಗೆ ಇರುತ್ತಲ್ಲ."

"ಜೀವ ಇತ್ತಾ?"

"ಹಬೆ ಕೊಡೋವರೆಗೂ ಇತ್ತು."

ರೇಷ್ಮೆ ಎಲ್ಲಿಂದ ಬರುತ್ತೆ ಅಂತ ಅವರಿಗೆ ಗೊತ್ತಾಗಿದ್ದು ಅವತ್ತೇ. ಮೈಮೇಲಿದ್ದ ಜುಬ್ಬ ರೇಷ್ಮೆಯದೇ. ಅವರು ಅದನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಎತ್ತಿ ಹಿಡಿದುಕೊಂಡು ಹೇಳಿದರು. "ಸೋಮವಾರ ಬಂದು ಮೇನೇಜರ್ ಯಾರು ಅಂತ ಹೇಳ್ತೀನಿ. ಅಲ್ಲಿವರೆಗೆ ಇಲ್ಲಿ ಒಂದು ಜೀವವೂ ಹೋಗಬಾರದು." ಸಾಹುಕಾರರು ಒಪ್ಪಿದರು.

ಆಗ ತಾನೇ ಮಾರುಕಟ್ಟೆಯಿಂದ ತಂದ ಗೂಡು ಕೋಣೆ ತುಂಬ ಇತ್ತು. ಗೂಡಿಗೆ ಬೇಗ ಹಬೆ ಕೊಡದಿದ್ದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿನಿಂದ ನೂಲು ಬಿಚ್ಚೋಕಾಗಲ್ಲ. ನಮ್ಮ ಕಡೆ ಇದು ತೊಟ್ಟಿಲಲ್ಲಿರೋ ಕೂಸಿಗೂ ಗೊತ್ತು. ಸೋಮವಾರದವರೆಗೆ ಪರವಾಗಿಲ್ಲ ಅಂದುಕೊಂಡೆವು.

ಸೋಮವಾರ ಮೇಷ್ಟ್ರು ಬರಲಿಲ್ಲ. ಊಟಿಯಲ್ಲಿ ಬೇರೆ ಶಿಬಿರವಂತೆ, ಗುರುವಾರ ಬರ್ತಾರಂತೆ ಅಂತ ಫೋನು ಬಂತು.

ಈಗ ನೋಡಿ ಪೇಚು. 'ಗೂಡಿಗೆ ಹಬೆ ಕೊಡಣ' ಅಂತ ಯಾರು ಮೊದಲು ಬಾಯಿ ಬಿಡ್ತಾರೋ ಅವರು ಹಿಂಸೆಯವರು. ಅವರಿಗೆ ಕುರ್ಚಿ ಇಲ್ಲ. ಗುಮಾಸ್ತ ಬಿಡಲಿ ಅಂತ ನಾನು, ನಾನು ಬಿಡಲಿ ಅಂತ ಅವನು. ಸಾಹುಕಾರರು ದಿನಾ ಬಂದು ಕೇಳೋರು, "ಗೂಡು ಹೇಗಿದೆ ಮೇಸ್ತ್ರಿಗಳೇ?"

"ಶಾಂತವಾಗಿದೆ" ಅಂತಿದ್ದೆ.

"ಪರಮ ಶಾಂತ" ಅಂತಿದ್ದ ಗುಮಾಸ್ತ.

ಬುಧವಾರ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟೆ. ಒಳಗಿನಿಂದ ಸರಸರ ಸದ್ದು. ಗುಮಾಸ್ತನೂ ಬಂದು ಬಾಗಿಲಿನ ಇನ್ನೊಂದು ಕದಕ್ಕೆ ಕಿವಿ ಕೊಟ್ಟ. ಒಬ್ಬರ ಮುಖ ಒಬ್ಬರು ನೋಡಿದೆವು.

"ಏನಾದ್ರೂ ಕೇಳಿಸ್ತಾ ಮೇಸ್ತ್ರಿ?"

"ಇಲ್ಲಪ್ಪ. ನಿನಗೆ?"

"ನನಗೂ ಇಲ್ಲ."

ಗುರುವಾರ ಮೇಷ್ಟ್ರು ಬಂದರು. ಸಾಹುಕಾರರು, ಖಾಲಾ, ಎಲ್ಲರೂ ಸೇರಿದರು. ನಾನೇ ಮುಂದೆ ನಿಂತು ಬಾಗಿಲು ತೆಗೆದೆ. ಏನು ಹೇಳಲಿ! ಲಕ್ಷ ಲಕ್ಷ ಚಿಟ್ಟೆ ಒಂದೇ ಸಲ ಮೇಲೆದ್ದವು. ಬಿಳೀ ಮೋಡ ಎದ್ದ ಹಾಗೆ. ಸೂರ್ಯ ಮುಚ್ಚಿಹೋದ. ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಟಕಿಯಿಂದ ಆಚೆ ಹಾರಿ, ಸೀದಾ ನಂದಿ ಬೆಟ್ಟದ ಕಡೆ ಹೋದವು. ನಂದಿಯಲ್ಲಿ ದ್ರಾಕ್ಷಿ ತೋಟದವರು ಆಲಿಕಲ್ಲು ಮಳೆ ಬಂತು ಅಂತ ಚೀಲ ಹೊದ್ದುಕೊಂಡು ಓಡಿದರಂತೆ. ಮೇಷ್ಟ್ರು ನನ್ನ ಕಾಲಿಗೆ ಬಿದ್ದು, "ಇಷ್ಟು ಜೀವಕ್ಕೆ ಬಿಡುಗಡೆ ಕೊಟ್ಟವನೇ ಮೇನೇಜರ್" ಅಂದರು...

ಇಷ್ಟು ಹೇಳೋ ಹೊತ್ತಿಗೆ ಸೊಸೆ ಬರೆಯೋದು ನಿಲ್ಲಿಸಿದಳು.

"ಮಾವ, ರೇಷ್ಮೆ ಚಿಟ್ಟೆಗೆ ಹಾರೋಕೆ ಬರಲ್ಲ."

"ಹಾಂ?"

"ಸುಮ್ಮನೆ ರೆಕ್ಕೆ ಬಡೀತಾ ತೆವಳ್ತವೆ, ಅಷ್ಟೇ. ತಟ್ಟೆ ಬಿಟ್ಟು ಆಚೆ ಹೋಗಲ್ಲ. ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ಹುಳ ಸಾಕ್ತಿರೋಳು ನಾನು. ನಂದಿಗೆ ಹೋದ್ವಂತೆ!"

ನಾನು ಗೋಡೆ ಕಡೆ ನೋಡಿದೆ.

"ಬಾಗಿಲು ತೆಗೆದಾಗ ಏನಾಯ್ತು, ಅದನ್ನ ಹೇಳಿ."

"ಕಾಲ ಮೇಲೆ ಹತ್ತಿದವು. ಪಂಚೆಯೊಳಗೆ ಹೋದವು. ನಾನು ಸ್ವಲ್ಪ ಕೂಗಿಕೊಂಡೆ."

"ಸ್ವಲ್ಪ?"

"ಚಿಂತಾಮಣಿವರೆಗೂ ಕೇಳಿಸಿತು ಅಂತಿದ್ದಳು ಖಾಲಾ."

"ಗುಮಾಸ್ತರಿಗೂ ಹತ್ತಿದ್ವಾ?"

"ಹತ್ತಿದವು. ಆ ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಕಲ್ಲಿನ ಹಾಗೆ ನಿಂತಿದ್ದ."

"ಮತ್ತೆ ಮೇನೇಜರ್ ಆಗಿದ್ದು ಯಾರು ಮಾವ?"

ನಾನು ಟವೆಲು ಕೊಡವಿಕೊಂಡು ಎದ್ದೆ.

"ಅವು ಹಾರಿದ್ದಿದ್ರೆ ನಾನೇ ಆಗ್ತಿದ್ದೆ ಕಣಮ್ಮ."